ಬಳೆಗಾರರ ಗುಂಡಿನ ಬಳಿ ಹನ್ನಾ ಅರೆಂಟ್

ಮೊಳಕಾಲ್ಮೂರಿನಲ್ಲಿ ರಾಜ್ಯಶಾಸ್ತ್ರ ಪಾಠ ಮಾಡುವವರಿಗೆ ಒಂದು ಅನುಕೂಲವಿದೆ. ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರ, ಹೀಗೆ ಅಶೋಕನ ಮೂರು ಶಾಸನಗಳು ನಮ್ಮ ತಾಲ್ಲೂಕಿನ ಒಳಗೇ ಇವೆ. 1892ರಲ್ಲಿ ಬಿ.ಎಲ್. ರೈಸ್ ಇವು ಅಶೋಕನವು ಎಂದು ಗುರುತಿಸುವ ತನಕ ಬ್ರಹ್ಮಗಿರಿಯ ಬಂಡೆ ಊರವರ ಪಾಲಿಗೆ ಬರೀ 'ಅಕ್ಷರಗುಂಡು' ಆಗಿತ್ತು. ಏನೋ ಬರೆದಿದೆ ಎಂಬುದು ಎಲ್ಲರಿಗೂ ಗೊತ್ತಿತ್ತು, ಏನು ಬರೆದಿದೆ ಎಂಬುದು ಯಾರಿಗೂ ಗೊತ್ತಿರಲಿಲ್ಲ.

ಎರಡು ವರ್ಷದ ಹಿಂದೆ ಕೊನೆಯ ವರ್ಷದ ಬಿ.ಎ. ಮಕ್ಕಳನ್ನು ಅಲ್ಲಿಗೆ ಕರೆದುಕೊಂಡು ಹೋಗಿದ್ದೆ. ಶಾಸನದ ಸಾರವನ್ನು ಹೇಳಿದೆ. ಸುವರ್ಣಗಿರಿಯಿಂದ ಆರ್ಯಪುತ್ರನೂ ಮಹಾಮಾತ್ರರೂ ಇಸಿಲದ ಮಹಾಮಾತ್ರರ ಕ್ಷೇಮ ಕೇಳಿ ಕಳಿಸಿದ ಆಜ್ಞೆ ಇದು. ರಾಜ ತಾನು ಉಪಾಸಕನಾಗಿ ಎರಡೂವರೆ ವರ್ಷ ಕಳೆಯಿತೆಂದೂ, ಮೊದಲು ಅಷ್ಟೇನೂ ಶ್ರದ್ಧೆ ತೋರಲಿಲ್ಲವೆಂದೂ ಒಪ್ಪಿಕೊಳ್ಳುತ್ತಾನೆ. ಆಮೇಲೆ ಉಪದೇಶ ಬರುತ್ತದೆ: ತಂದೆತಾಯಿಯ ಮಾತು ಕೇಳಬೇಕು, ಪ್ರಾಣಿಗಳಲ್ಲಿ ದಯೆ ಇರಬೇಕು, ನಿಜ ಹೇಳಬೇಕು, ಶಿಷ್ಯ ಗುರುವನ್ನು ಗೌರವಿಸಬೇಕು. ಕೊನೆಗೆ ಬರೆದವನು ಲಿಪಿಕಾರ ಚಪಡ ಎಂದಿದೆ. ಅವನು ತನ್ನ ಕಸುಬಿನ ಹೆಸರನ್ನು ಮಾತ್ರ ವಾಯವ್ಯದ ಖರೋಷ್ಠಿ ಲಿಪಿಯಲ್ಲಿ ಬರೆದಿದ್ದಾನೆ. ಇಷ್ಟು ಕೇಳಿಸಿಕೊಂಡ ಮೇಲೆ ಮಗ್ಗದವರ ಮನೆಯ ಹುಡುಗನೊಬ್ಬ, "ಮೇಡಂ, ಅಪ್ಪ ಅಮ್ಮನ ಮಾತು ಕೇಳು ಅಂತ ನಮ್ಮಜ್ಜಿ ದಿನಾ ಹೇಳ್ತಾಳೆ. ರಾಜಂಗೆ ಯಾಕೆ ಬೇಕಿತ್ತು ಅದು?" ಎಂದ. ಎಲ್ಲರೂ ನಕ್ಕರು. ಧಮ್ಮ, ಲೋಕಹಿತ ಎಂದೇನೋ ಹೇಳಿ ನಾನೂ ಜಾರಿಕೊಂಡೆ. ಆದರೆ ಮುಂದಿನ ವಾರ ನಾನು ತೆಗೆದುಕೊಳ್ಳಬೇಕಿದ್ದ ಪಾಠ 'ಸರ್ವಾಧಿಕಾರ'. ಹುಡುಗನ ಪ್ರಶ್ನೆ ನನ್ನ ಜೊತೆಯಲ್ಲೇ ತರಗತಿಗೆ ಬಂತು.

ಈ ಪಾಠವನ್ನು ನಾವು ಹೇಗೆ ಮಾಡುತ್ತೇವೆ ಎಂಬುದು ಓದಿದವರಿಗೆಲ್ಲ ಗೊತ್ತು. ಕಾರ್ಲ್ ಫ್ರೆಡ್ರಿಕ್ ಮತ್ತು ಬ್ರೆಜಿನ್‌ಸ್ಕಿ 1956ರ ತಮ್ಮ ಪುಸ್ತಕದಲ್ಲಿ ಕೊಟ್ಟ ಆರು ಲಕ್ಷಣಗಳನ್ನು ಬೋರ್ಡಿನ ಮೇಲೆ ಬರೆಯುತ್ತೇವೆ. ಎಲ್ಲವನ್ನೂ ವಿವರಿಸುವ ಒಂದು ಸಿದ್ಧಾಂತ, ಒಂದೇ ಪಕ್ಷ, ಭಯ ಹುಟ್ಟಿಸುವ ಪೊಲೀಸ್ ವ್ಯವಸ್ಥೆ, ಸುದ್ದಿ ಸಾಧನಗಳ ಮೇಲೆ ಹಿಡಿತ, ಆಯುಧಗಳ ಮೇಲೆ ಹಿಡಿತ, ಇಡೀ ಅರ್ಥವ್ಯವಸ್ಥೆಯ ಮೇಲೆ ಹಿಡಿತ. ಮಕ್ಕಳು ಬರೆದುಕೊಳ್ಳುತ್ತಾರೆ, ಪರೀಕ್ಷೆಯಲ್ಲಿ ಹತ್ತು ಅಂಕ ಬರುತ್ತದೆ. ವರ್ಷಗಟ್ಟಲೆ ನಾನೂ ಹೀಗೇ ಮಾಡಿದ್ದೇನೆ. ಪಟ್ಟಿ ತಪ್ಪಲ್ಲ. ಆದರೆ ಅದು ಆಳುವವರ ಕೈಯಲ್ಲಿ ಏನೇನಿದೆ ಎಂಬುದರ ದಾಸ್ತಾನು ಮಾತ್ರ. ಅದರಡಿ ಬದುಕುವ ಒಬ್ಬ ಮನುಷ್ಯನಿಗೆ ಬೆಳಗಿನಿಂದ ಸಂಜೆಯವರೆಗೆ ಏನಾಗುತ್ತದೆ ಎಂಬುದು ಅದರಲ್ಲಿಲ್ಲ.

ಇದಕ್ಕೆ ನಮ್ಮ ಪದಗಳೂ ಒಂದು ಕಾರಣ. ಕನ್ನಡದಲ್ಲಿ ಸರ್ವಾಧಿಕಾರ, ನಿರಂಕುಶ ಪ್ರಭುತ್ವ ಎಂಬ ಎರಡು ಪದಗಳನ್ನು ಎಲ್ಲದಕ್ಕೂ ಬಳಸಿಬಿಡುತ್ತೇವೆ. ಸೇನಾ ದಂಗೆ ಮಾಡಿ ಕುರ್ಚಿ ಹಿಡಿದ ಜನರಲ್‌ಗೂ ಅದೇ, ಹಿಟ್ಲರನ ಜರ್ಮನಿಗೂ ಅದೇ, ಮಾತು ಕೇಳದ ಹೆಡ್‌ಮಾಸ್ಟರಿಗೂ ಅದೇ. ನಿರಂಕುಶ ಎಂದರೆ ಅಂಕುಶವಿಲ್ಲದ ಆನೆ. ಸರ್ವಾಧಿಕಾರ ಎಂದರೆ ಎಲ್ಲ ಅಧಿಕಾರ ಒಬ್ಬನಲ್ಲಿ ಸೇರಿರುವುದು. ಎರಡೂ ಪದಗಳ ಕಣ್ಣು ಆಳುವವನ ಮೇಲೆ. 1923ರಲ್ಲಿ ಇಟಲಿಯ ಜೊವಾನಿ ಅಮೆಂಡೋಲ ಮುಸೊಲಿನಿಯನ್ನು ಟೀಕಿಸಲು 'ಟೋಟಲಿಟೇರಿಯನ್' ಎಂಬ ಹೊಸ ಪದ ಬಳಸಿದಾಗ, ಎರಡೇ ವರ್ಷದಲ್ಲಿ ಮುಸೊಲಿನಿ ಅದನ್ನು ಬಿರುದಿನಂತೆ ತನ್ನ ಮೈಮೇಲೆ ಹಾಕಿಕೊಂಡಾಗ, ಅವರಿಬ್ಬರೂ ಹೇಳುತ್ತಿದ್ದುದು ಬೇರೊಂದು ಸಂಗತಿ: ಪ್ರಭುತ್ವದ ಹೊರಗೆ ಏನೂ ಉಳಿಯಬಾರದು. ಇಲ್ಲಿ ಕಣ್ಣು ಆಳಿಸಿಕೊಳ್ಳುವವರ ಮೇಲಿದೆ. ಅವರಲ್ಲಿ ಮುಟ್ಟದೆ ಬಿಟ್ಟ ಒಂದು ಮೂಲೆಯಾದರೂ ಇದೆಯೇ ಎಂಬುದು ಪ್ರಶ್ನೆ.

ನನಗೆ ಒಗ್ಗುವ ಪದ 'ಸರ್ವಂಕಷ ಪ್ರಭುತ್ವ'. ಇದು ನನ್ನ ಸೃಷ್ಟಿಯಲ್ಲ, ಅಲ್ಲಲ್ಲಿ ಬಳಕೆಯಲ್ಲಿದೆ. ಈಗ ಸರ್ವಂಕಷ ಎಂದರೆ ನಾವು 'ಸಮಗ್ರ' ಎಂಬ ಒಳ್ಳೆಯ ಅರ್ಥದಲ್ಲಿ ಬಳಸುತ್ತೇವೆ. ಸರ್ವಂಕಷ ಅಧ್ಯಯನ, ಸರ್ವಂಕಷ ವರದಿ ಇತ್ಯಾದಿ. ಮೂಲದಲ್ಲಿ ಕಷ್ ಎಂದರೆ ಉಜ್ಜುವುದು. ಒರೆಗಲ್ಲಿಗೆ ನಿಕಷ ಎನ್ನುವುದೂ ಅದರಿಂದಲೇ. ಎಲ್ಲವನ್ನೂ ಉಜ್ಜಿ ಹಾಕುವಂಥದ್ದು ಸರ್ವಂಕಷ. ಮನುಷ್ಯರ ಮೇಲೆ ಮಾಡುವ ಕೆಲಸವನ್ನು ಹೇಳುವ ಪದ ಇದು, ಸಿಂಹಾಸನದ ಎತ್ತರವನ್ನು ಹೇಳುವ ಪದವಲ್ಲ.

ಈ ಕೆಲಸವನ್ನು ಕೂಲಂಕಷವಾಗಿ ಬರೆದವಳು ಹನ್ನಾ ಅರೆಂಟ್. 1951ರಲ್ಲಿ ಬಂದ 'ದಿ ಒರಿಜಿನ್ಸ್ ಆಫ್ ಟೋಟಲಿಟೇರಿಯನಿಸಂ' ಪುಸ್ತಕದ ಮೊದಲ ಎರಡು ಭಾಗ ಯೆಹೂದಿ ದ್ವೇಷ ಮತ್ತು ಸಾಮ್ರಾಜ್ಯಶಾಹಿಯ ಚರಿತ್ರೆ. ಹೊಸದಾಗಿ ಓದುವವರು ಅಲ್ಲೇ ಸುಸ್ತಾಗುತ್ತಾರೆ. ಮೂರನೆಯ ಭಾಗದಿಂದ ಶುರು ಮಾಡಿ ಎಂದು ನಾನು ವಿದ್ಯಾರ್ಥಿಗಳಿಗೆ ಹೇಳುತ್ತೇನೆ. 1933ರಲ್ಲಿ ಜರ್ಮನಿಯಿಂದ ಓಡಿಬಂದ ಈಕೆ ಹದಿನೆಂಟು ವರ್ಷ ಯಾವ ದೇಶದ ಪ್ರಜೆಯೂ ಆಗಿರಲಿಲ್ಲ. ಮನುಷ್ಯನನ್ನು ಪೂರ್ತಿ ಅಧೀನ ಮಾಡಿಕೊಳ್ಳುವುದು ಮೂರು ಹಂತದಲ್ಲಿ ನಡೆಯುತ್ತದೆ ಎನ್ನುತ್ತಾಳೆ. ಮೊದಲು ಅವನೊಳಗಿನ ಕಾನೂನಿನ ವ್ಯಕ್ತಿಯನ್ನು ಕೊಲ್ಲುತ್ತಾರೆ, ಎಂದರೆ ಅವನಿಗೆ ದೂರು ಕೊಡುವ ಜಾಗವೇ ಇಲ್ಲದಂತೆ ಮಾಡುತ್ತಾರೆ. ಆಮೇಲೆ ನೈತಿಕ ವ್ಯಕ್ತಿಯನ್ನು; ಯಾವ ದಾರಿ ಹಿಡಿದರೂ ಇನ್ನೊಬ್ಬರ ಸಾವಿಗೆ ತಾನು ಪಾಲುದಾರನಾಗುವಂತೆ ಮಾಡುತ್ತಾರೆ. ಕೊನೆಗೆ ಒಬ್ಬರಂತೆ ಇನ್ನೊಬ್ಬರಿಲ್ಲ ಎಂಬ ಆ ಬೇರೆತನವನ್ನೇ ಅಳಿಸುತ್ತಾರೆ.

ಮತ್ತೊಂದು ಮಾತು ಹೇಳುತ್ತಾಳೆ. ಹಳೆಯ ಕಾಲದ ದಬ್ಬಾಳಿಕೆಗಾರ ಜನರನ್ನು ಒಬ್ಬರಿಂದೊಬ್ಬರನ್ನು ಬೇರ್ಪಡಿಸುತ್ತಿದ್ದ, ಕೂಡಿ ದಂಗೆ ಏಳದಿರಲಿ ಎಂದು. ಮನೆಯೊಳಗೆ ಅವರವರ ಬಾಳು ಅವರಿಗೆ ಉಳಿಯುತ್ತಿತ್ತು. ಸರ್ವಂಕಷ ಪ್ರಭುತ್ವಕ್ಕೆ ಇದು ಸಾಲದು. ಅದಕ್ಕೆ ಬೇಕಾಗಿರುವುದು ಒಂಟಿತನ. ಯಾವ ಸಂಘಕ್ಕೂ ಗುಂಪಿಗೂ ಸೇರದೆ, ತಾನು ಯಾರಿಗೂ ಬೇಡ ಎನ್ನಿಸಿದ ಜನ ಅದರ ಕಚ್ಚಾ ಸಾಮಗ್ರಿ. ಇದು ಏಕಾಂತವಲ್ಲ ಎಂದು ಅರೆಂಟ್ ಒತ್ತಿ ಹೇಳುತ್ತಾಳೆ. ಏಕಾಂತದಲ್ಲಿ ಮನುಷ್ಯ ತನ್ನ ಜೊತೆ ತಾನಿರುತ್ತಾನೆ, ಒಂಟಿತನದಲ್ಲಿ ಅವನಿಗೆ ತಾನೂ ಸಿಗುವುದಿಲ್ಲ. ಈ ವ್ಯತ್ಯಾಸ ಕನ್ನಡದ ಓದುಗರಿಗೆ ಸುಲಭವಾಗಿ ತಿಳಿಯುತ್ತದೆ. ಏಕಾಂತ, ಒಂಟಿತನ ಎರಡೂ ನಮ್ಮ ಬಾಯಲ್ಲಿ ಬೇರೆಬೇರೆ ಪದಗಳೇ.

ಇಲ್ಲಿಯವರೆಗೆ ನಾನು ಅವಳ ಜೊತೆಗಿದ್ದೇನೆ. ಆದರೆ ಅದೇ ಮೂರನೆಯ ಭಾಗದಲ್ಲಿ ಒಂದು ವಾಕ್ಯ ಬರುತ್ತದೆ, ಪುಟ ತಿರುಗಿಸುವಾಗ ತಪ್ಪಿಹೋಗಬಹುದಾದಷ್ಟು ಚಿಕ್ಕದು. ಪೂರ್ವ ದೇಶಗಳ ಹಳೆಯ ನಿರಂಕುಶತೆಯ ನೆಲವಾದ ಭಾರತ ಮತ್ತು ಚೀನಾಗಳಲ್ಲಿ ಇಂಥ ಆಳ್ವಿಕೆಗೆ ಭಯ ಹುಟ್ಟಿಸುವಷ್ಟು ಒಳ್ಳೆಯ ಅವಕಾಶವಿದೆ ಎನ್ನುತ್ತಾಳೆ. ಕಾರಣ, ಅಲ್ಲಿ ಜನ ಲೆಕ್ಕವಿಲ್ಲದಷ್ಟಿದ್ದಾರೆ. ಮನುಷ್ಯಜೀವಕ್ಕೆ ಬೆಲೆಯಿಲ್ಲ ಎಂಬ ಭಾವನೆ ಅಲ್ಲಿ ಮೊದಲಿನಿಂದಲೂ ಇದೆ. ಪುಸ್ತಕ ಹೊರಬಂದ ವರ್ಷದ ಕೊನೆಯಲ್ಲಿ ಭಾರತದಲ್ಲಿ ಮೊದಲ ಮಹಾಚುನಾವಣೆ ಶುರುವಾಯಿತು. ಇದನ್ನು ಹಿಡಿದು ಅರೆಂಟಳನ್ನು ಗೇಲಿ ಮಾಡುವುದು ಸುಲಭ, ಕೆಲವರು ಮಾಡಿಯೂ ಇದ್ದಾರೆ. ನನ್ನ ತಕರಾರು ಅದಲ್ಲ. ಭವಿಷ್ಯ ಹೇಳುವುದರಲ್ಲಿ ಅವಳು ತಪ್ಪಿದಳೋ ಇಲ್ಲವೋ ಎಂಬುದು ಬೇರೆ ಚರ್ಚೆ. ನಮ್ಮನ್ನು ಅವಳು ಒಂದು ರಾಶಿಯಾಗಿ ಕಂಡಳು ಎಂಬುದು ನನ್ನ ತಕರಾರು. ಒಬ್ಬನನ್ನು ಇನ್ನೊಬ್ಬನಿಗೆ ಕಟ್ಟಿಹಾಕಿರುವ ನಂಟು, ಕುಲ, ಹಟ್ಟಿ, ಕಟ್ಟೆ ಯಾವುದೂ ಆ ವಾಕ್ಯದಲ್ಲಿಲ್ಲ.

ಪೂರ್ವದ ನಿರಂಕುಶತೆ ಎಂಬ ಈ ಗೊಂಬೆ ಎಲ್ಲಿಂದ ಬಂತು? ಅದರಲ್ಲಿ ನಮ್ಮ ಮೈಸೂರಿಗೂ ಒಂದು ಪಾಲಿದೆ. ಮೈಸೂರಿನ ಓರಿಯೆಂಟಲ್ ಲೈಬ್ರರಿಯಲ್ಲಿದ್ದ ಆರ್. ಶಾಮಾಶಾಸ್ತ್ರಿಗಳು 1909ರಲ್ಲಿ ಅರ್ಥಶಾಸ್ತ್ರದ ಪಠ್ಯವನ್ನೂ 1915ರಲ್ಲಿ ಅದರ ಇಂಗ್ಲಿಷ್ ಅನುವಾದವನ್ನೂ ಪ್ರಕಟಿಸಿದರು. ಸನ್ಯಾಸಿಯ ವೇಷದ ಗೂಢಚಾರ, ವ್ಯಾಪಾರಿಯ ವೇಷದ ಗೂಢಚಾರ, ಗೃಹಸ್ಥನ ವೇಷದ ಗೂಢಚಾರ ಎಂದು ಪಟ್ಟಿ ಕೊಡುವ ಆ ಪುಸ್ತಕ ಲೋಕವನ್ನು ಬೆಚ್ಚಿಬೀಳಿಸಿತು. 1919ರಲ್ಲಿ ಮ್ಯಾಕ್ಸ್ ವೇಬರ್, ಇದರ ಮುಂದೆ ಮಾಕಿಯಾವೆಲಿ ಪಾಪದವನು ಎಂಬರ್ಥದ ಮಾತು ಹೇಳಿದ. ನಾಜಿಗಳ ಶಿಬಿರದಲ್ಲಿದ್ದು ಬಂದ, ಹಿಂದೆ ಕಮ್ಯುನಿಸ್ಟನಾಗಿದ್ದು ಆಮೇಲೆ ಕಮ್ಯುನಿಸಂನ ಕಡುವೈರಿಯಾದ ಕಾರ್ಲ್ ವಿಟ್‌ಫೋಗೆಲ್ 1957ರಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋದ: ದೊಡ್ಡ ನೀರಾವರಿ ನಡೆಸಲು ದೊಡ್ಡ ಅಧಿಕಾರಿವರ್ಗ ಬೇಕು, ಅದರಿಂದ ಪೂರ್ವದಲ್ಲಿ 'ಸಂಪೂರ್ಣ ಅಧಿಕಾರ' ಹುಟ್ಟಿತು ಎಂದ. ಈ ಪುಸ್ತಕವನ್ನು ಮೊಳಕಾಲ್ಮೂರಿನಲ್ಲಿ ಕೂತು ಓದಿದರೆ ನಗು ಬರುತ್ತದೆ. ರಾಜ್ಯದಲ್ಲೇ ಅತಿ ಕಡಿಮೆ ಮಳೆ ಬೀಳುವ ಸೀಮೆ ನಮ್ಮದು. ಇಲ್ಲಿಯ ನೀರೆಂದರೆ ಊರೂರಿನ ಕೆರೆ, ಬಾವಿ, ಹಳ್ಳದ ಒರತೆ. ಅದರ ತೂಬು ಎತ್ತಲು ಚಕ್ರವರ್ತಿಯ ಅಪ್ಪಣೆ ಬೇಕಿರಲಿಲ್ಲ, ನೀರುಗಂಟಿ ಇದ್ದರೆ ಸಾಕಾಗಿತ್ತು.

ಮೌರ್ಯರ ಬಗ್ಗೆ ರೊಮಿಲಾ ಥಾಪರ್ ತಮ್ಮ ಅಭಿಪ್ರಾಯವನ್ನು ತಾವೇ ತಿದ್ದಿಕೊಂಡ ಕಥೆ ಇಲ್ಲಿ ನೆನಪಾಗುತ್ತದೆ. 1961ರ ಅವರ ಪುಸ್ತಕದಲ್ಲಿ ಮೌರ್ಯರದು ಬಿಗಿಯಾದ ಕೇಂದ್ರಾಡಳಿತ. 1980ರ ದಶಕದ ಹೊತ್ತಿಗೆ ಅವರೇ, ಮಗಧದಲ್ಲಿದ್ದ ಹಿಡಿತ ಬೇರೆ, ನಡುವಿನ ಪ್ರದೇಶಗಳದು ಬೇರೆ, ಅಂಚಿನ ಸೀಮೆಗಳದು ಬೇರೆ ಎಂದರು. ನಮ್ಮ ಇಸಿಲ ಅಂಚು. ಇಲ್ಲಿ ಪ್ರಾಕೃತ ಓದಬಲ್ಲವರು ಎಷ್ಟು ಜನ ಇದ್ದರು? ಯಾರೋ ಓದಿ ಹೇಳಬೇಕು, ಉಳಿದವರು ಕೇಳಿ ಮರೆಯಬೇಕು. ಎಲ್ಲದರೊಳಗೆ ಹೋಗಬೇಕೆಂಬ ಆಸೆ ಆ ಶಾಸನದಲ್ಲಿ ಇಲ್ಲವೆನ್ನಲಾರೆ; ಮಗ ಅಪ್ಪನಿಗೆ ಹೇಗೆ ನಡೆದುಕೊಳ್ಳಬೇಕು ಎಂಬುದರ ತನಕ ಅದು ಬರುತ್ತದೆ. ಆಸೆಗೆ ತಕ್ಕ ಕೈಕಾಲು ಅದಕ್ಕೆ ಇರಲಿಲ್ಲ, ಅಷ್ಟೆ.

ಜಟಿಂಗ ರಾಮೇಶ್ವರ ಬೆಟ್ಟದ ಮೇಲಿನ ಶಾಸನದ ಗತಿ ಇದನ್ನು ಚೆನ್ನಾಗಿ ಹೇಳುತ್ತದೆ. ಆ ಬಂಡೆಗೆ ಬಳೆಗಾರರ ಗುಂಡು ಎಂದು ಹೆಸರು. ಜಾತ್ರೆಯಲ್ಲಿ ಬಳೆ ಮಾರುವವರು ಅಲ್ಲೇ ಅಂಗಡಿ ಹಾಕುತ್ತಿದ್ದರು. ಚಪ್ಪರದ ಗೂಟ ನಿಲ್ಲಿಸಲು ಬಂಡೆಯಲ್ಲೇ ಕುಳಿ ಹೊಡೆದರು. ಮೂರು ಶಾಸನಗಳಲ್ಲಿ ಅತಿ ಹೆಚ್ಚು ಸವೆದುಹೋಗಿರುವುದು ಅದೇ. ಪುರಾತತ್ತ್ವದವರಿಗೆ ಇದು ಹೊಟ್ಟೆ ಉರಿಯುವ ವಿಷಯ. ನನಗೆ ಮಾತ್ರ, ಹೆಂಗಸರು ಕೈ ಚಾಚಿ ಬಳೆ ತೊಡಿಸಿಕೊಳ್ಳುತ್ತಿದ್ದ ಆ ಜಾಗದಲ್ಲಿ ಕಾಲಡಿಯ ಅಕ್ಷರಗಳು ಯಾರ ಗಮನಕ್ಕೂ ಬರದೆ ಇದ್ದವಲ್ಲ ಎಂದು ಒಂಥರಾ ಸಮಾಧಾನ.

ಇದನ್ನೆಲ್ಲ ಸ್ವಲ್ಪ ಉತ್ಸಾಹದಿಂದಲೇ ತರಗತಿಯಲ್ಲಿ ಹೇಳಿದೆ. ನೋಡಿ, ಅರೆಂಟ್ ಹೇಳಿದ ಒಂಟಿತನ ನಮ್ಮಲ್ಲಿಲ್ಲ, ನಮ್ಮ ಹಳ್ಳಿಯಲ್ಲಿ ಯಾರೂ ಒಂಟಿಯಲ್ಲ, ನಂಟು ಬಳಗವೇ ನಮಗೆ ಕೋಟೆ ಎಂದೆ. ತರಗತಿ ಮುಗಿದ ಮೇಲೆ ಒಬ್ಬ ಹುಡುಗಿ ನಿಂತಳು. ಚಳ್ಳಕೆರೆ ಕಡೆಯ ಒಂದು ಹಟ್ಟಿಯಿಂದ ಬರುತ್ತಿದ್ದಳು. ಹೊರಗಾದಾಗ ಹಟ್ಟಿಯ ಆಚೆ ಇರಬೇಕಾದ ಪದ್ಧತಿ ಅವಳಲ್ಲಿ ಇನ್ನೂ ಇದೆ. "ಮೇಡಂ, ನಾನು ಯಾವ ದಿನ ಹೊರಗೆ ಕೂತೆ ಅಂತ ಇಡೀ ಹಟ್ಟಿಗೆ ಗೊತ್ತು. ಯಾವ ಬಸ್ಸಿಗೆ ಬಂದೆ, ಯಾರ ಪಕ್ಕ ಕೂತೆ ಅದೂ ಗೊತ್ತು. ನೀವು ಕೋಟೆ ಅಂದ್ರಿ" ಎಂದಳು. ಬೇಸರದಿಂದ ಹೇಳಲಿಲ್ಲ, ನನ್ನ ಲೆಕ್ಕದಲ್ಲಿ ಒಂದು ತಪ್ಪು ಕಂಡು ತೋರಿಸುವವಳಂತೆ ಹೇಳಿದಳು. ಆಮೇಲೆ ನಕ್ಕು, "ಆದ್ರೆ ಆ ದಿನಗಳಲ್ಲಿ ಓದೋಕೆ ಟೈಮ್ ಸಿಗುತ್ತೆ" ಎಂದಳು.

ಈ ಕೊನೆಯ ಮಾತನ್ನು ಏನು ಮಾಡಬೇಕೋ ನನಗೆ ಇವತ್ತಿಗೂ ತಿಳಿದಿಲ್ಲ. ಅದನ್ನು ಹಿಡಿದು ಆ ಪದ್ಧತಿಯನ್ನು ಹೊಗಳುವ ಮೂರ್ಖತನ ಮಾಡಲಾರೆ. ಚಳಿಗೆ, ಹಾವಿಗೆ, ಹೆರಿಗೆಯಾದ ಎಳೆ ಬಾಣಂತಿಯರಿಗೆ ಆ ಹೊರಗಿನ ಗುಡಿಸಲು ಏನು ಮಾಡಿದೆ ಎಂಬುದು ಜಿಲ್ಲೆಗೆಲ್ಲ ಗೊತ್ತು. ಅಮಾನವೀಯ ಆಚರಣೆಗಳ ವಿರುದ್ಧದ 2017ರ ನಮ್ಮ ರಾಜ್ಯದ ಕಾನೂನು ಇದನ್ನು ಅಪರಾಧಗಳ ಪಟ್ಟಿಗೆ ಸೇರಿಸಿದೆ. ಆದರೆ ಹಟ್ಟಿಯೊಳಗೆ ಸಿಗದ ಏಕಾಂತ ಅವಳಿಗೆ ಶಿಕ್ಷೆಯ ಜಾಗದಲ್ಲಿ ಸಿಗುತ್ತಿದೆ ಎಂಬುದೂ ನಿಜ. ಆರ್ವೆಲ್ಲನ '1984' ಕಾದಂಬರಿಯಲ್ಲಿ ವಿನ್‌ಸ್ಟನ್‌ಗೆ ತನ್ನ ಕೋಣೆಯಲ್ಲಿ ಟೆಲಿಸ್ಕ್ರೀನಿನ ಕಣ್ಣಿಗೆ ಬೀಳದ ಒಂದು ಮೂಲೆ ಇರುತ್ತದೆ, ಅಲ್ಲಿ ಕೂತು ಡೈರಿ ಬರೆಯುತ್ತಾನೆ. ನನ್ನ ವಿದ್ಯಾರ್ಥಿಗಳು ಆ ಪುಸ್ತಕ ಓದಿ ಹೆದರುವುದಿಲ್ಲ. ಮನೆಯಲ್ಲಿ ಅಂಥ ಮೂಲೆ ಇದ್ದವರೇ ಅವರಲ್ಲಿ ಕಡಿಮೆ.

ಹಾಗಾದರೆ ಹಟ್ಟಿಯೇ ಸರ್ವಂಕಷ ಪ್ರಭುತ್ವವೇ? ಅಲ್ಲ. ಹೀಗೆ ಕರೆದರೆ ಮತ್ತೆ ಪದವನ್ನು ಹೆಡ್‌ಮಾಸ್ಟರನ ಮಟ್ಟಕ್ಕೆ ಇಳಿಸಿದಂತೆ. ಹಟ್ಟಿಗೆ ಹೊರಗಿದೆ, ಬೆಳಗಿನ ಬಸ್ಸು ಹತ್ತಿದರೆ ಮೊಳಕಾಲ್ಮೂರು, ಕಾಲೇಜು. ಅದು ಅವಳ ಮೈಯ ದಿನಗಳನ್ನು ಲೆಕ್ಕ ಇಡುತ್ತದೆ, ಅವಳನ್ನು ಹೊಸ ಬಗೆಯ ಮನುಷ್ಯಳನ್ನಾಗಿ ಎರಕ ಹೊಯ್ಯುವ ಯೋಜನೆ ಅದಕ್ಕಿಲ್ಲ. ಅವಳು ಒಳಗೊಳಗೇ ನಗುತ್ತಿದ್ದರೆ ಅದು ಕೇಳುವುದಿಲ್ಲ. ಹಟ್ಟಿಗೆ ಬೇಕಿರುವುದು ನಡೆ, ನಂಬಿಕೆಯಲ್ಲ. ನನಗೆ ಕಾಡಿದ್ದು ಬೇರೆ. ಅರೆಂಟ್ ಪ್ರಕಾರ, ಅವಳಿಗೂ ಹಿಂದೆ ಟಾಕ್‌ವಿಲ್ ಪ್ರಕಾರ, ಪ್ರಭುತ್ವ ಮತ್ತು ಒಬ್ಬಂಟಿ ಮನುಷ್ಯನ ನಡುವೆ ಇರುವ ಸಂಘ, ಬಳಗ, ಊರು ಇವೇ ರಕ್ಷಣೆ. ಅವು ಮುರಿದ ಮೇಲೆ ಮಾತ್ರ ಸರ್ವಂಕಷ ಪ್ರಭುತ್ವ ಒಳಗೆ ಬರಲು ಸಾಧ್ಯ. ಆ ಬಳಗವೇ ಎಲ್ಲವನ್ನೂ ತಿಳಿದಿರುವಲ್ಲಿ, ಪ್ರಭುತ್ವ ಅದನ್ನು ಮುರಿಯುವ ಶ್ರಮ ಏಕೆ ತೆಗೆದುಕೊಳ್ಳಬೇಕು? ಅದರ ಕಣ್ಣನ್ನು ಕಡ ತಂದರೆ ಸಾಲದೇ?

ಇದು ಬರೀ ಊಹೆಯಲ್ಲ. ನಮ್ಮ ದೊಡ್ಡಪ್ಪ ಪ್ರಾಥಮಿಕ ಶಾಲೆಯ ಮೇಷ್ಟರಾಗಿದ್ದರು. ತುರ್ತುಪರಿಸ್ಥಿತಿಯ ಎರಡನೆಯ ವರ್ಷ ಅವರಿಗೆ ಸಂತಾನಹರಣ ಶಸ್ತ್ರಚಿಕಿತ್ಸೆಗೆ ಇಷ್ಟು 'ಕೇಸು' ತರಬೇಕು ಎಂದು ಮೇಲಿನಿಂದ ಬಂತು. ತರದಿದ್ದರೆ ಸಂಬಳ ನಿಲ್ಲುತ್ತದೆ ಎಂಬ ಮಾತೂ ಬಂತು. ಉತ್ತರ ಭಾರತದಲ್ಲಿ ನಡೆದಷ್ಟು ಕ್ರೂರವಾಗಿ ನಮ್ಮಲ್ಲಿ ನಡೆಯಲಿಲ್ಲ, ಪೊಲೀಸರು ಯಾರನ್ನೂ ಎಳೆದುಕೊಂಡು ಹೋಗಲಿಲ್ಲ. ಬೇಕಾಗಲೂ ಇಲ್ಲ. ದೊಡ್ಡಪ್ಪನಿಗೆ ಊರಿನ ಅರ್ಜಿಗಳನ್ನೆಲ್ಲ ಬರೆದುಕೊಟ್ಟು ಅಭ್ಯಾಸ. ಯಾರ ಸಾಲ ಎಷ್ಟು, ಯಾರ ಜಮೀನಿನ ಕಾಗದ ಯಾವ ಕಚೇರಿಯಲ್ಲಿ ನಿಂತಿದೆ, ಯಾರಿಗೆ ಇಲ್ಲ ಎನ್ನಲು ಬಾಯಿ ಬರುವುದಿಲ್ಲ, ಎಲ್ಲ ಗೊತ್ತಿತ್ತು. ಅವರು ಹೋಗಿದ್ದು ಅಂಥ ಎರಡು ಮನೆಗೆ. ಅದರಲ್ಲಿ ಒಬ್ಬನಿಗೆ ಒಂದೇ ಮಗು. ಸಾಯುವ ಎರಡು ವರ್ಷ ಮೊದಲು ಇದನ್ನು ನನಗೆ ಹೇಳಿದರು. "ನನ್ನ ಮೇಲೆ ನಂಬಿಕೆ ಇಟ್ಟು ಬಂದ ಕಣಮ್ಮ" ಎಂದಷ್ಟೇ ಹೇಳಿ ಸುಮ್ಮನಾದರು. ಮುಂದೆ ಕೇಳುವ ಧೈರ್ಯ ನನಗೆ ಬರಲಿಲ್ಲ. 1976-77ರ ಒಂದೇ ವರ್ಷದಲ್ಲಿ ದೇಶದಲ್ಲಿ 80 ಲಕ್ಷಕ್ಕೂ ಹೆಚ್ಚು ಸಂತಾನಹರಣ ಶಸ್ತ್ರಚಿಕಿತ್ಸೆಗಳಾದವು. ಆ ಲೆಕ್ಕದಲ್ಲಿ ಎರಡು ನಮ್ಮ ಮನೆಯವು.

ತುರ್ತುಪರಿಸ್ಥಿತಿಯನ್ನು ಸರ್ವಂಕಷ ಎನ್ನಬಹುದೇ ಎಂಬ ಚರ್ಚೆಯನ್ನು ಕನ್ನಡದಲ್ಲಿ ಯಾರೂ ನೇರವಾಗಿ ಎತ್ತಿಕೊಂಡದ್ದನ್ನು ನಾನು ಕಂಡಿಲ್ಲ. ನಮ್ಮ ಲೇಖಕರಿಗೆ ಅದು ಒಂದು ಅನುಭವ, ಹೆಮ್ಮೆಯ ಅನುಭವವೂ ಹೌದು. ಚಂಪಾ ಜೈಲಿಗೆ ಹೋದರು, ವಿಡಂಬನೆ ಬರೆದರು. 'ಸಂಸ್ಕಾರ' ಚಿತ್ರದ ಚಂದ್ರಿ, ಸ್ನೇಹಲತಾ ರೆಡ್ಡಿ, ತೀರಿಹೋದರು. ಅವರ ಪ್ರಕರಣದ ದಿನಾಂಕಗಳನ್ನು ಅರೆಂಟಳ ಪಕ್ಕ ಇಟ್ಟು ನೋಡಬೇಕು. ಬಂಧಿತರು ಹೈಕೋರ್ಟಿಗೆ ಹೋಗಬಹುದು ಎಂದು ಕರ್ನಾಟಕವೂ ಸೇರಿ ಹಲವು ಹೈಕೋರ್ಟುಗಳು ಹೇಳಿದ್ದನ್ನು ಸುಪ್ರೀಂ ಕೋರ್ಟು 1976ರ ಏಪ್ರಿಲ್ 28ರಂದು ತಳ್ಳಿಹಾಕಿತು. ನ್ಯಾಯಮೂರ್ತಿ ಎಚ್.ಆರ್. ಖನ್ನಾ ಒಬ್ಬರೇ ಒಪ್ಪಲಿಲ್ಲ. ಪೊಲೀಸನೊಬ್ಬ ಸುಮ್ಮನೆ ಕೊಂದರೂ ದೂರು ಕೇಳುವವರಿಲ್ಲವೇ ಎಂಬ ಪ್ರಶ್ನೆಗೆ ಸರ್ಕಾರದ ವಕೀಲರು ಇಲ್ಲ ಎಂದೇ ಉತ್ತರ ಕೊಟ್ಟಿದ್ದರು. ಅರೆಂಟ್ ಹೇಳಿದ ಮೊದಲ ಹಂತ, ಕಾನೂನಿನ ವ್ಯಕ್ತಿಯ ಸಾವು, ನಮ್ಮಲ್ಲಿ ಆದದ್ದು ಅವತ್ತು. ನಾಲ್ಕು ದಿನದ ಮೇಲೆ, ಮೇ 2ರಂದು, ಸ್ನೇಹಲತಾ ಬಂಧನವಾಯಿತು. ಅಸ್ತಮಾದ ರೋಗಿಯನ್ನು ಎಂಟು ತಿಂಗಳು ಬೆಂಗಳೂರಿನ ಜೈಲಿನಲ್ಲಿ ಇಟ್ಟರು. 1977ರ ಜನವರಿ 15ರಂದು ಪೆರೋಲಿನ ಮೇಲೆ ಬಿಟ್ಟರು, 20ರಂದು ತೀರಿಕೊಂಡರು. ನಡುವೆ 18ರಂದು ಚುನಾವಣೆ ಘೋಷಣೆಯಾಗಿತ್ತು.

ಆಮೇಲೆ ಪ್ರಕಟವಾದ ಅವರ ಜೈಲಿನ ದಿನಚರಿಯನ್ನು ಓದುವಾಗ ನನ್ನನ್ನು ಹಿಡಿದು ನಿಲ್ಲಿಸುವುದು ರಾಜಕೀಯದ ಪುಟಗಳಲ್ಲ. ಜೊತೆಯ ಹೆಂಗಸರನ್ನು, ಯಾವ ರಾಜಕೀಯವೂ ಇಲ್ಲದ ಸಣ್ಣಪುಟ್ಟ ಅಪರಾಧಗಳ ಕೈದಿಗಳನ್ನು ಆಕೆ ನೋಡುವ ರೀತಿ. ಅಂದರೆ ಮೂರನೆಯ ಹಂತ ಅಲ್ಲಿ ಆಗಲಿಲ್ಲ. ಒಬ್ಬೊಬ್ಬರೂ ಬೇರೆಬೇರೆಯಾಗಿ ಕಾಣುವ ಕಣ್ಣು ಆ ಕೋಣೆಯಲ್ಲಿ ಉಳಿದಿತ್ತು. ಈ ಕಾರಣಕ್ಕೆ ತುರ್ತುಪರಿಸ್ಥಿತಿಯನ್ನು ನಾನು ಸರ್ವಂಕಷ ಎನ್ನುವುದಿಲ್ಲ. ದೊಡ್ಡಪ್ಪನ ಕಥೆ ಮಾತ್ರ ಎರಡನೆಯ ಹಂತಕ್ಕೆ ತುಂಬಾ ಹತ್ತಿರ ಬರುತ್ತದೆ. ಅವರ ಕೈಯಿಂದಲೇ ಮಾಡಿಸಲಾಯಿತು.

ಇನ್ನೊಂದು ಮುಜುಗರದ ಸಂಗತಿಯನ್ನೂ ಹೇಳಬೇಕು. 1977ರ ಚುನಾವಣೆಯಲ್ಲಿ ಉತ್ತರ ಭಾರತವೆಲ್ಲ ಕಾಂಗ್ರೆಸ್ಸನ್ನು ಬುಡಸಮೇತ ಕಿತ್ತುಹಾಕಿದಾಗ ಕರ್ನಾಟಕ 28ರಲ್ಲಿ 26 ಸ್ಥಾನ ಕೊಟ್ಟಿತು. ಮುಂದಿನ ವರ್ಷ ಚಿಕ್ಕಮಗಳೂರು ಇಂದಿರಾ ಗಾಂಧಿಯವರನ್ನು ಲೋಕಸಭೆಗೆ ಕಳಿಸಿತು. ನಮ್ಮ ಸಾಹಿತ್ಯದ ನೆನಪೂ ನಮ್ಮ ಮತದಾರರ ನೆನಪೂ ಒಂದೇ ಅಲ್ಲ. ದೇವರಾಜ ಅರಸರ ಭೂ ನ್ಯಾಯಮಂಡಳಿಗಳು ಕೆಲಸ ಮಾಡುತ್ತಿದ್ದುದು ಅದೇ ದಿನಗಳಲ್ಲಿ. ಗೇಣಿದಾರನೊಬ್ಬ ಒಡೆಯನ ಎದುರು ಮೊದಲ ಸಲ ತಲೆ ಎತ್ತಿ ನಿಂತದ್ದು, ಜೀತದವನ ಸಾಲ ಮನ್ನಾ ಆದದ್ದು ಆಗಲೇ. ಅವನ ಪಾಲಿಗೆ ಎಲ್ಲವನ್ನೂ ಉಜ್ಜಿ ಹಾಕುತ್ತಿದ್ದ ಶಕ್ತಿ ದೆಹಲಿಯಲ್ಲಿರಲಿಲ್ಲ, ಪಕ್ಕದ ಬೀದಿಯಲ್ಲಿತ್ತು.

ಅಂಬೇಡ್ಕರರಿಗೆ ಇದು ಗೊತ್ತಿತ್ತು. 1948ರ ನವೆಂಬರ್ 4ರಂದು ಸಂವಿಧಾನ ಸಭೆಯಲ್ಲಿ ಕರಡನ್ನು ಮಂಡಿಸುತ್ತಾ, ಹಳ್ಳಿ ಎಂದರೆ ಸಂಕುಚಿತತೆಯ, ಅಜ್ಞಾನದ ಗುಹೆ ಎಂಬರ್ಥದಲ್ಲಿ ಮಾತಾಡಿದರು. ಕರಡು ಹಳ್ಳಿಯನ್ನು ಬಿಟ್ಟು ವ್ಯಕ್ತಿಯನ್ನು ಘಟಕವಾಗಿ ತೆಗೆದುಕೊಂಡದ್ದು ತಮಗೆ ಸಂತೋಷ ಎಂದರು. ಮಾರನೆಯ ವರ್ಷದ ನವೆಂಬರ್ 25ರ ಭಾಷಣದಲ್ಲಿ, ರಾಜಕೀಯದಲ್ಲಿ ವ್ಯಕ್ತಿಪೂಜೆಯ ಭಕ್ತಿ ಕೊನೆಗೆ ಸರ್ವಾಧಿಕಾರಕ್ಕೇ ಒಯ್ಯುತ್ತದೆ ಎಂದು ಎಚ್ಚರಿಸಿದರು. ಮೊದಲ ಭಾಷಣವನ್ನು ಹಳ್ಳಿಯ ದ್ವೇಷ ಎಂದೂ ಎರಡನೆಯದನ್ನು ಪ್ರಜಾಪ್ರಭುತ್ವದ ಪಾಠ ಎಂದೂ ಬೇರೆಬೇರೆ ಓದುವುದು ರೂಢಿ. ನನಗೆ ಅವು ಒಂದೇ ಭಾಷಣದ ಎರಡು ಭಾಗದಂತೆ ಕೇಳುತ್ತವೆ. ಊರಿನಲ್ಲಿ ಒಂದು ಮೂಲೆಯೂ ತನ್ನದಾಗಿರದವನು ದೊಡ್ಡ ನಾಯಕನ ಕಾಲಿಗೆ ಬೇಗ ಬೀಳುತ್ತಾನೆ. ಅವನಿಗೆ ಅದು ಬಿಡುಗಡೆಯಂತೆ ಕಾಣುತ್ತದೆ. ಒಂಟಿಯಾದವನು ಮಾತ್ರವಲ್ಲ, ಒಂದು ಗಳಿಗೆಯೂ ಒಬ್ಬನೇ ಇರಲು ಸಿಗದವನೂ ಆ ಕಡೆಗೆ ಹೋಗುತ್ತಾನೆ. ಅರೆಂಟ್ ಅರ್ಧ ಹೇಳಿದಳು, ಇನ್ನರ್ಧವನ್ನು ಬರೆಯಲು ಅವಳಿಗೆ ಜಾತಿ ಗೊತ್ತಿರಬೇಕಿತ್ತು.

ಇದಕ್ಕೆ ಅರೆಂಟಳ ಪುಸ್ತಕವನ್ನು ಬದಿಗಿಡಬೇಕು ಎಂದು ನಾನು ಹೇಳುತ್ತಿಲ್ಲ. ಹಟ್ಟಿಯ ಹುಡುಗಿಗೆ ಉತ್ತರ ಹುಡುಕಲು ನನಗೆ ಏಕಾಂತ, ಒಂಟಿತನಗಳ ಆ ಭೇದ ಬೇಕೇ ಆಯಿತು. ಅದಿಲ್ಲದೆ ಅವಳ ಮಾತನ್ನು ಬರೀ 'ಅನಿಷ್ಟ ಪದ್ಧತಿ' ಎಂಬ ಫೈಲಿಗೆ ಹಾಕಿ ಮುಗಿಸುತ್ತಿದ್ದೆ. ಆದರೆ ಆ ಪುಸ್ತಕವನ್ನು ನಮ್ಮಲ್ಲಿ ಓದುವವರು ಒಂಟಿ ಮನುಷ್ಯನನ್ನು ಹುಡುಕಿ, ಸಿಗಲಿಲ್ಲ ಎಂದು ನಿಶ್ಚಿಂತರಾಗಬಾರದು. ಮೇಷ್ಟರನ್ನು, ಗೌಡರನ್ನು, ಹಟ್ಟಿಯ ಹಿರಿಯರನ್ನು, ಈಗ ಅವರೆಲ್ಲ ಸೇರಿರುವ ವಾಟ್ಸಾಪ್ ಗುಂಪನ್ನು ನೋಡಬೇಕು. ಅವರಿಗೆ ಏನು ಗೊತ್ತಿದೆ, ಅದನ್ನು ಯಾರು ಕೇಳುತ್ತಿದ್ದಾರೆ ಎಂದು ನೋಡಬೇಕು.

ಅಕ್ಷರಗುಂಡಿನ ಶಾಸನದ ಕೊನೆಗೆ ಒಂದು ಮಾತಿದೆ. ಅವತ್ತು ಮಕ್ಕಳಿಗೆ ಅದನ್ನು ಹೇಳಲು ಮರೆತಿದ್ದೆ. ಈ ಉಪದೇಶವೆಲ್ಲ ಹಿಂದಿನಿಂದ ನಡೆದುಬಂದ ಪದ್ಧತಿಯೇ ಎಂದು ರಾಜ ಅಲ್ಲಿ ಹೇಳುತ್ತಾನೆ. ಹೊಸದೇನನ್ನೂ ಹೇಳುತ್ತಿಲ್ಲ ಎಂಬ ಧಾಟಿ. ಮಗ್ಗದವರ ಹುಡುಗ ಕೇಳಿದ್ದಕ್ಕೆ ಉತ್ತರ ಅಲ್ಲಿಯೇ ಇತ್ತು: ಅಜ್ಜಿ ದಿನಾ ಹೇಳುವ ಮಾತಾದ್ದರಿಂದಲೇ ರಾಜನಿಗೆ ಅದು ಬೇಕಾಗಿತ್ತು. ಇಸಿಲದಂಥ ದೂರದ ಊರಿಗೆ ಅವನ ದನಿ ಮುಟ್ಟುತ್ತಿರಲಿಲ್ಲ, ಅಜ್ಜಿಯ ದನಿ ಪ್ರತಿ ಮನೆಯಲ್ಲೂ ಇತ್ತು.

ಆ ಹುಡುಗ ಈಗ ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾನೆ. ಹಬ್ಬಕ್ಕೆ ಬಂದವನು ಮೊನ್ನೆ ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕಿದ. ನಿನ್ನ ಪ್ರಶ್ನೆಗೆ ಉತ್ತರ ಸಿಕ್ಕಿತು ಕಣೋ ಎಂದೆ. ಸ್ವಲ್ಪ ಹೊತ್ತು ನನ್ನ ಮುಖವನ್ನೇ ನೋಡಿ, "ಯಾವ ಪ್ರಶ್ನೆ ಮೇಡಂ?" ಎಂದ.